ನಿದ್ದೆಯಲ್ಲಿ ಎದ್ದ ಕೈ

ಇಸ್ತ್ರಿ ಅಂಗಡಿಯವನನ್ನು ಬೀದಿಯವರು ‘ಸಾಧು’ ಎನ್ನುತ್ತಿದ್ದರು. ಗಿರಾಕಿ ಎಷ್ಟೇ ಕೂಗಾಡಿದರೂ ತಲೆ ತಗ್ಗಿಸಿ ಇಸ್ತ್ರಿ ಉಜ್ಜುವವನು. ಅಂಥವನು ಹೆಂಡತಿಯ ಮೇಲೆ ಕೈ ಮಾಡಿದನೆಂಬ ಸುದ್ದಿಯನ್ನು ಜನ ಮೊದಲು ನಂಬಲಿಲ್ಲ. ಆಮೇಲೆ, ಬಾಯಿ ಸತ್ತವರೇ ಹೀಗೆ, ಒಳಗೊಳಗೇ ಹಲ್ಲು ಮಸೆಯುತ್ತಿರುತ್ತಾರೆ ಎಂದು ತಾವೇ ಅರ್ಥ ಹಚ್ಚಿಕೊಂಡರು.

ಹೊಡೆದದ್ದು ನಿಜ, ಆದರೆ ನಿದ್ದೆಯಲ್ಲಿ. ಕನಸಿನಲ್ಲಿ ನಾಯಿಗಳು ಮೇಲೆ ಬೀಳುತ್ತಿದ್ದವು. ಇವನು ಕಿರುಚಿ, ಒದ್ದು, ಗುದ್ದುತ್ತಿದ್ದ. ಪೆಟ್ಟು ಪಕ್ಕದಲ್ಲಿ ಮಲಗಿದವಳಿಗೆ ಬೀಳುತ್ತಿತ್ತು. ಬಲಗೈಯನ್ನು ಟವೆಲಿನಿಂದ ಮಂಚಕ್ಕೆ ಕಟ್ಟಿಕೊಂಡು ಮಲಗಿ ನೋಡಿದ, ಎಡಗೈ ಎದ್ದಿತು. ಅವಳ ಕೆನ್ನೆ ಊದಿಕೊಂಡದ್ದನ್ನು ಕಂಡು ಅವಳ ಅಣ್ಣ ಬಂದ. “ಎಚ್ಚರದಲ್ಲಿ ಧೈರ್ಯ ಇಲ್ಲ, ನಿದ್ದೆಯಲ್ಲಿ ತೀರಿಸ್ಕೋತಾನೆ” ಎಂದು ತೀರ್ಪು ಕೊಟ್ಟು ತಂಗಿಯನ್ನು ಕರೆದುಕೊಂಡು ಹೋದ. ಸಾಧು ತಡೆಯಲಿಲ್ಲ. ತನ್ನೊಳಗೆ ಎಲ್ಲೋ ಅಂಥ ದ್ವೇಷ ಇದ್ದರೂ ಇರಬಹುದೆಂದು ಅವನಿಗೇ ಅನುಮಾನ ಹತ್ತಿತ್ತು.

ನಿದ್ದೆಯ ವಿಷಯ ಹೇಳಿಕೊಂಡಾಗ ಬೀದಿ ಕೊನೆಯ ಡಾಕ್ಟರು ಕುಡಿತವಿದೆಯೇ ಎಂದು ಕೇಳಿ, ಇಲ್ಲವೆಂದರೂ ನಂಬದೆ, ಹೊಟ್ಟೆ ಕಟ್ಟುತ್ತದೆ ಎಂದದ್ದಕ್ಕೆ ಮಾತ್ರ ಒಂದು ಪುಡಿ ಬರೆದು ಕಳಿಸಿದ್ದರು. ಮುಂದೆ ಮೂಗೂ ಕೈಕೊಟ್ಟಿತು. ಬೆನ್ನ ಹಿಂದೆ ಯಾರದೋ ಮದುವೆಯ ಕೋಟು ಸುಟ್ಟು ಕರಕಲಾಗುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ. ಪಕ್ಕದ ಅಂಗಡಿಯವನು ಓಡಿಬಂದು ಪ್ಲಗ್ ಕಿತ್ತ. ಗಿರಾಕಿಗಳು ಕಡಿಮೆಯಾದರು. ಕೆಲವು ದಿನ ಬಾಗಿಲು ತೆಗೆಯಲೂ ಮನಸ್ಸಾಗುತ್ತಿರಲಿಲ್ಲ. ಹೆಂಡತಿ ಬಿಟ್ಟುಹೋದ ಕೊರಗು ಎಂದರು ಜನ.

ವರ್ಷಗಳ ಮೇಲೆ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ನಡುಗತೊಡಗಿದಾಗ ದೊಡ್ಡಾಸ್ಪತ್ರೆಗೆ ಹೋದ. ನರರೋಗದ ಡಾಕ್ಟರಮ್ಮ ಕೈಯನ್ನು ಪರೀಕ್ಷಿಸಿ, ಆಮೇಲೆ ಕೈಗೆ ಸಂಬಂಧವೇ ಇಲ್ಲದ್ದನ್ನು ಕೇಳಿದರು: ವಾಸನೆ ತಿಳಿಯುತ್ತದೆಯೇ, ಹೊಟ್ಟೆ ಕಟ್ಟುತ್ತದೆಯೇ, ಮನಸ್ಸು ಕುಗ್ಗಿದೆಯೇ, ನಿದ್ದೆಯಲ್ಲಿ ಕೂಗಿ ಹೊಡೆಯುವುದುಂಟೇ. ಸಾಧು ಅವರ ಮುಖವನ್ನೇ ನೋಡಿದ. ತನ್ನ ಮನೆಯಲ್ಲಿ ಕೂತು ಎಲ್ಲವನ್ನೂ ಕಂಡವರ ಹಾಗೆ ಕೇಳುತ್ತಿದ್ದರು.

“ಇದು ಪಾರ್ಕಿನ್ಸನ್ ಕಾಯಿಲೆ. ನಡುಕಕ್ಕಿಂತ ಎಷ್ಟೋ ವರ್ಷ ಮುಂಚೆನೇ ಇವೆಲ್ಲ ಶುರುವಾಗೋದುಂಟು” ಎಂದರು ಡಾಕ್ಟರಮ್ಮ.

“ಆಗಲೇ ಬಂದಿದ್ರೆ ನಿಲ್ತಿತ್ತಾ ಅಮ್ಮ?”

“ನಿಲ್ತಿರಲಿಲ್ಲ. ಆದ್ರೆ ಅದು ನಿಮ್ಮ ಸಿಟ್ಟಲ್ಲ ಅಂತ ಮನೆಯವರಿಗೆ ಹೇಳಬಹುದಿತ್ತು.”

ಅವನು ಮಾತ್ರೆ ಕೊಳ್ಳುವ ಮೊದಲೇ ಬಸ್ಸು ಹತ್ತಿ ಭಾವನ ಮನೆಗೆ ಹೋದ. ಎಲ್ಲವನ್ನೂ ಹೇಳಿದ. ಭಾವ ನಕ್ಕು, ಹೆಂಡತಿಗೆ ಹೊಡೆಯಲೂ ಈಗ ಡಾಕ್ಟರ ಚೀಟಿ ಸಿಗುತ್ತದಲ್ಲ ಎಂದ. ಅವಳು ನಗಲಿಲ್ಲ. ಅಣ್ಣನನ್ನು ಒಳಗೆ ಕಳಿಸಿ ಎದುರಿಗೆ ಕೂತಳು.

“ನಂಬ್ತೀನಿ. ನಿಮ್ಮ ಗುಣ ನಂಗೊತ್ತಿಲ್ವಾ? ಆದ್ರೆ ಇಷ್ಟು ವರ್ಷ ನಿಮ್ಮನ್ನ ದ್ವೇಷ ಮಾಡ್ಕೊಂಡೇ ಬದುಕಿದೀನಿ. ತಪ್ಪು ನಿಮ್ಮದಲ್ಲ ಅಂದ್ರೆ ಅದನ್ನ ಯಾರ ಮೇಲೆ ಹಾಕ್ಲಿ?”

ಮನೆಗೆ ಬಾ ಎಂದ ಸಾಧು.

“ಹೆಂಡತಿ ಬೇಕಾ, ನೋಡ್ಕೊಳ್ಳೋರು ಬೇಕಾ?”

ಅವನು ಸುಳ್ಳು ಹೇಳಿ ಕಲಿತವನಲ್ಲ. ಅವಳು ಸ್ವಲ್ಪ ಹೊತ್ತು ಕಾದು ಎದ್ದು ಒಳಗೆ ಹೋದಳು. ಸಾಧು ಹೊಸ್ತಿಲಲ್ಲಿ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಹೆಣಗಾಡುತ್ತಿದ್ದ. ಭಾವ ಗೇಟು ತೆರೆದು ಹಿಡಿದುಕೊಂಡು, ಇನ್ನೂ ಎಷ್ಟು ಹೊತ್ತು ಎಂಬಂತೆ ರಸ್ತೆಯ ಕಡೆ ನೋಡುತ್ತ ನಿಂತಿದ್ದ.