ಊದದ ಕಿವಿ

ಕೆಂಪು, ಇಲ್ಲ, ಅಷ್ಟೇನೂ ಕೆಂಪಿಲ್ಲ, ಅಮ್ಮನ ಎಡಗಣ್ಣಿನ ಅಂಚಿನಲ್ಲಿ ಒಂದೇ ಒಂದು ನರ ಎದ್ದಿದೆ, ಆಸ್ಪತ್ರೆಯ ಈ ಬೆಂಚಿನ ಮೇಲೆ ಬೀಳುವ ಬೆಳಕಿಗೆ ಹಾಗೆ ಕಾಣುತ್ತದೆಯೋ ಏನೋ — ವೀಟ್ಸ್ಕೆ ಮತ್ತೆ ಬಗ್ಗಿ ನೋಡಿದಳು, ಎಷ್ಟು ಸಲ ನೋಡ್ತೀಯೇ, ನಾನೇನು ನಿನ್ನ ಇಲೀನಾ, ಎಂದಳು ಅಮ್ಮ. ಇಲಿ, ಬೆಳಿಗ್ಗೆ ಪ್ರಯೋಗಾಲಯದಲ್ಲಿ ಅಂಗೈಯೊಳಗೆ ಬೆಚ್ಚಗಿದ್ದ ಇಲಿ, ಈರುಳ್ಳಿಯ ಒಳಪೊರೆಯಂಥ ಅದರ ಕಿವಿ, ಮೈಗೆ ಆಗದ್ದನ್ನು ನಿನ್ನೆ ಅಲ್ಲಿ ಚುಚ್ಚಿದ್ದರು, ಪಕ್ಕದ ಗೂಡಿನವುಗಳ ಕಿವಿ ಊದಿ ದಪ್ಪಗಾಗಿತ್ತು, ಇದರದ್ದು ಊದಿರಲಿಲ್ಲ, ಇದಕ್ಕೆ ಮೊದಲೇ ಇನ್ನೊಂದು ಇಲಿಯ ಕಣ್ಣಿನಲ್ಲಿ ಪಳಗಿದ, ಟಿ ಎಂಬ ಬಿಳಿ ರಕ್ತಕಣಗಳನ್ನು ಕೊಟ್ಟಿದ್ದರಲ್ಲ — ಕಣ್ಣು ಊದಿದರೆ ನೋಟವೇ ಹೋದೀತು, ಅದಕ್ಕೇ ಮೈ ಕಾಯುವ ಕಣಗಳು ಸಿಟ್ಟಿನಿಂದ ಒಳಬಂದರೆ ಕಣ್ಣು ಅವನ್ನು ಸಮಾಧಾನ ಮಾಡಿ ಕಳಿಸುತ್ತದೆ, ಹೋದಲ್ಲಿ ಅವು ಉಳಿದವುಗಳ ಸಿಟ್ಟನ್ನೂ ಇಳಿಸುತ್ತವೆ. ಅಮ್ಮನ ಕಣ್ಣು ಮಾತ್ರ ಕೇಳಲಿಲ್ಲ, ತೀರಿಹೋದ ಯಾರದೋ ಕಾರ್ನಿಯಾ ಹೊಲಿದರೆ ಮೊದಲ ಸಲ ಮೈ ಅದನ್ನು ಒಪ್ಪಲಿಲ್ಲ, ಮಂಜು ಕವಿದುಬಿಟ್ಟಿತು, ಆಗಲೂ ಶುರುವಾಗಿದ್ದು ಇಂಥದೇ ಒಂದು ನರದಿಂದ, ನಿಂಗೆ ಕೆಲಸ ಇರತ್ತಲ್ಲ ಅಂತ ಸುಮ್ಮನಿದ್ದೆ ಕಣೇ ಎಂದಿದ್ದಳು, ಇದು ಎರಡನೆಯದು, ಇದೂ ಹೋದರೆ — ಆ ಕಣಗಳನ್ನ ನಂಗೂ ಒಂಚೂರು ಹಾಕಬಾರದಾ, ಮೊನ್ನೆ ಊಟಕ್ಕೆ ಕೂತಾಗ ಅಮ್ಮ ಬಟಾಣಿ ಸೂಪಿಗೆ ಉಪ್ಪು ಕೇಳಿದ ಹಾಗೆ ಕೇಳಿದ್ದಳು, ಇಲಿಗೆ ಆದದ್ದು ಮನುಷ್ಯರಿಗೆ ಆಗಲು ಇನ್ನೂ ಎಷ್ಟು ವರ್ಷವೋ ಎಂದು ಯಾವ ಬಾಯಲ್ಲಿ ಹೇಳುವುದು, ಇನ್ನಷ್ಟು ಸೂಪು ಬಡಿಸಿದ್ದಳು ವೀಟ್ಸ್ಕೆ.

ಡಾಕ್ಟರ್ ಟರ್ಪ್‌ಸ್ಟ್ರಾ ಕತ್ತಲೆ ಕೋಣೆಯಲ್ಲಿ ದೀಪ ಹಾಯಿಸಿ ನೋಡುತ್ತಲೇ ಇದ್ದಾರೆ, ಯಾಕಿಷ್ಟು ಹೊತ್ತು, ಅಮ್ಮನ ಗಲ್ಲ ಯಂತ್ರದ ಆ ಪಟ್ಟಿಯ ಮೇಲೆ ಮಗುವಿನ ಗಲ್ಲದ ಹಾಗೆ — ಸೈಕಲ್ ಮೇಲೆ ಬಂದ್ರಾ ಎಂದು ಕೇಳುತ್ತಾರೆ, ಅಮ್ಮ ಹೂಂ ಎನ್ನುತ್ತಾಳೆ, ಬರೀ ಗಾಳಿಗೆ ಕೆಂಪಾಗಿದೆ ಅಷ್ಟೇ ಎನ್ನುತ್ತಾರೆ ಡಾಕ್ಟರು, ಕಾರ್ನಿಯಾ ತಿಳಿಯಾಗಿದೆ, ಔಷಧಿ ಬಿಡ್ತಾ ಇರಿ. ತಿಳಿಯಾಗಿದೆ, ವೀಟ್ಸ್ಕೆ ಮನಸ್ಸಿನಲ್ಲೇ ಇನ್ನೊಮ್ಮೆ ಅಂದುಕೊಂಡಳು, ಇದರಲ್ಲಿ ತನ್ನದೇನೂ ಇಲ್ಲ, ತನ್ನ ಓದು, ಇಲಿಗಳು, ಯಾವುದೂ ಇಲ್ಲ, ಆ ಕಣ್ಣು ಈ ಸಲ ತಾನಾಗಿಯೇ ಒಪ್ಪಿಕೊಂಡಿದೆ, ಇರಲಿ, ಒಪ್ಪಿಕೊಂಡಿತಲ್ಲ. ಡಾಕ್ಟರು ದೀಪ ಹಾಕಿ ಅಮ್ಮನ ಕಣ್ಣೆದುರು ಒಂದೊಂದೇ ಗಾಜು ಬದಲಿಸುತ್ತಾರೆ, ಈಗ ಹೇಗಿದೆ, ಈಗ — ಅಮ್ಮ ಅಕ್ಷರಗಳ ಹಲಗೆ ಬಿಟ್ಟು ಇತ್ತ ತಿರುಗಿದಳು, ಕೈ ಚಾಚಿ ಮಗಳ ಕಿವಿಯ ಪಕ್ಕದ ಕೂದಲೊಂದನ್ನು ಹಿಡಿದಳು, ಬಿಳಿ ಕೂದಲು, ಇದ್ಯಾವಾಗ ಬಂತೇ ನಿಂಗೆ — ಯಾವಾಗ ಬಂತು, ಅಮ್ಮನಿಗೆ ಸರಿಯಾಗಿ ಕಾಣದ ಆ ವರ್ಷಗಳಲ್ಲಿ ಎಲ್ಲೋ, ಅಮ್ಮ ಬಿಡುತ್ತಿಲ್ಲ, ಎರಡು ಬೆರಳ ನಡುವೆ ಬಿಳಿ ಕೂದಲು, ಒಂದೇ, ಬಿಳಿ.