ಉದ್ದ ಸೇರು, ಗಿಡ್ಡ ಸೇರು

ಶಾಲೆಗೆ ಕಳಿಸಿದ ಮಗು ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಕಂಪ್ಲಿಯ ಕೊಟ್ರಬಸಮ್ಮನಿಗೂ ಬಂತು. ಅವಳ ಸಿಟ್ಟೆಂದರೆ ಸಣ್ಣದಲ್ಲ, ಪೇಟೆಯ ಆ ತುದಿಗೆ ಕೇಳುವಂಥದ್ದು.

ಕೊಟ್ರಬಸಮ್ಮನದು ಕಾಳಿನ ಅಂಗಡಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಅವಳ ಹಿತ್ತಾಳೆ ಸೇರು ಗಿಡ್ಡ, ದಪ್ಪ, ಥೇಟ್ ಅವಳ ಹಾಗೇ. ಆ ಸೇರಿನ ಅಳತೆಗೆ ಊರಲ್ಲಿ ಎರಡು ಮಾತಿರಲಿಲ್ಲ. ಮಗ, ಸೊಸೆ ಎಮ್ಮಿಗನೂರಿನಲ್ಲಿ ಹೊಲ ನೋಡಿಕೊಂಡಿದ್ದರು. ಐದು ವರ್ಷದ ಮೊಮ್ಮಗಳು ಹಂಪಮ್ಮ ಅಜ್ಜಿಯ ಜೊತೆಗೆ ಬೆಳೆಯುತ್ತಿದ್ದಳು.

ಹಂಪಮ್ಮನಿಗೆ ನೂರರವರೆಗೆ ಎಣಿಕೆ ಬಾಯಿಪಾಠ. ಗಿರಾಕಿ ಬಂದಾಗಲೆಲ್ಲ ಅಜ್ಜಿ ಹೇಳಿಸುತ್ತಿದ್ದಳು, ಹುಡುಗಿ ಉಸಿರು ಬಿಡದೆ ಒಪ್ಪಿಸುತ್ತಿದ್ದಳು. ಆದರೆ "ಐದು ನಿಂಬಿಹಣ್ಣು ತಗೊಂಡು ಬಾರವ್ವ" ಅಂದರೆ ಉಡಿ ತುಂಬ ತರುತ್ತಿದ್ದಳು. ಅಜ್ಜಿಗೆ ಅದೊಂದು ಕೊರತೆ ಅನ್ನಿಸಿರಲೇ ಇಲ್ಲ. ಬಾಯಿಗೆ ಬಂದರೆ ಬುದ್ಧಿಗೆ ಬಂದಂತೆ ಎಂದು ನಂಬುವವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ನಿಮ್ಮಲ್ಲೂ ಇದ್ದಾರೆ, ಮುಖ ತಿರುಗಿಸಬೇಡಿ.

ಆ ವರ್ಷ ಮಹಿಳಾ ಸಮಾಜದವರು ಕೋಟೆಯ ಹತ್ತಿರ ಒಂದು ಶಿಶುವಿಹಾರ ತೆರೆದರು. ಹೊಸಪೇಟೆಯ ಸರಸ್ವತೀಬಾಯಿ ಅಲ್ಲಿ ಅಕ್ಕೋರು. ಸಣ್ಣ ಮಕ್ಕಳಿಗೆ ಕಲಿಸುವ ಬಗೆಯನ್ನು ಮದರಾಸಿನಲ್ಲಿ ಕಲಿತು ಬಂದಿದ್ದರು. ಪಕ್ಕದ ಮನೆಯ ಶಾಂತಕ್ಕ ಸಮಾಜದ ಸದಸ್ಯೆ. ಅವಳ ಕಾಟ ತಾಳಲಾರದೆ ಅಜ್ಜಿ ಮೊಮ್ಮಗಳನ್ನು ಅಲ್ಲಿಗೆ ಸೇರಿಸಿದಳು.

ಅದೆಂಥ ಶಾಲೆ! ಬೆತ್ತ ಇಲ್ಲ, ಮಗ್ಗಿ ಇಲ್ಲ. ಮಕ್ಕಳು ಜೇಡಿಮಣ್ಣಿನಲ್ಲಿ ಎತ್ತು ಮಾಡುತ್ತಿದ್ದವು, ಹುಣಸೆಬೀಜ, ಅವರೆಕಾಳು ಬೆರೆಸಿ ಮತ್ತೆ ಬೇರೆ ಮಾಡುತ್ತಿದ್ದವು, ಹೊಳೆಯ ಉಸುಕನ್ನು ತೆಂಗಿನ ಚಿಪ್ಪಿನಿಂದ ಅಳೆಯುತ್ತಿದ್ದವು. ಒಂದು ದಿನ ಅಕ್ಕೋರು ಎತ್ತರದ ಸೀಸೆಯನ್ನೂ ಗಿಡ್ಡ ಮಗಿಯನ್ನೂ ಮುಂದಿಟ್ಟು, ಯಾವುದು ಹೆಚ್ಚು ನೀರು ಕುಡಿಯುತ್ತದೆ ಎಂದು ಕೇಳಿದರು. ಎಲ್ಲ ಮಕ್ಕಳೂ ಸೀಸೆಯ ಕಡೆಗೇ ಕೈ ತೋರಿಸಿದವು. ಅಕ್ಕೋರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

"ಸುರಿದು ನೋಡ್ರಿ" ಅಂದರು, ಅಷ್ಟೇ.

ಹಂಪಮ್ಮ ಸೀಸೆಯ ನೀರನ್ನು ಮಗಿಗೆ ಸುರಿದಳು. ಮಗಿ ತುಂಬಲಿಲ್ಲ. ಮಗಿ ಬರಿದು ಮಾಡಿ, ಸೀಸೆ ತುಂಬಿ ಮತ್ತೆ ಸುರಿದಳು. ಆಗಲೂ ತುಂಬಲಿಲ್ಲ. ಮಧ್ಯಾಹ್ನದವರೆಗೆ ಅದೇ ಆಟ. ಲಂಗ ಒದ್ದೆ, ಕೈಕಾಲು ಕೆಸರು. ಹಾಗೇ ಮನೆಗೆ ಬಂದಳು.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಶಿಶುವಿಹಾರಕ್ಕೆ ನಡೆದಳು. ಹಿಂದೆ ಹಂಪಮ್ಮ, ಅವಳ ಹಿಂದೆ ಶಾಂತಕ್ಕ.

"ಅಲ್ರೀ ಅಕ್ಕೋರೆ, ಉಸುಕು ಆಡಾಕ ನಮ್ಮ ಹುಡುಗಿ ಸಾಲಿಗೆ ಬರಬೇಕೇನ್ರಿ? ಹೊಳಿ ದಂಡಿ ಏನು ದೂರ ಐತಾ?"

"ಕುಂದ್ರಿ ಅಮ್ಮಾರೆ" ಎಂದರು ಸರಸ್ವತೀಬಾಯಿ. "ಸಣ್ಣ ಮಕ್ಕಳು ಮೊದಲು ಕೈಲೆ ಕಲೀತಾವ. ಐದು ಅಂದ್ರ ಎಷ್ಟು ಅಂತ ಬೆರಳಿಗೆ ಗೊತ್ತಾಗ್ಲಿ, ಆಮ್ಯಾಲೆ ಅಕ್ಷರ, ಲೆಕ್ಕ ಎಲ್ಲಾ ತಾನೇ ಬರ್ತದ."

"ನೂರರ ತನಕ ಆಗಲೇ ಬರತೈತ್ರಿ ಆಕಿಗೆ!"

"ಬಾಯಿಗೆ ಬರ್ತದ, ಖರೆ. ನನ್ನದೂ ಒಂದು ತಪ್ಪಾಗ್ಯದ, ಹೇಳಿಬಿಡ್ತೀನಿ. ಉಸುಕು ಅಳಿಯೋವಾಗ ಹಂಪಮ್ಮ ಮೊದಲನೇ ಚಿಪ್ಪಿಗೆ 'ಲಾಭ' ಅಂದಳು. ನಾನು 'ಒಂದು ಅನ್ನು' ಅಂತ ತಿದ್ದಿದೆ. ಕೂಸು ಬಾಯಿನೇ ಮುಚ್ಚಿಬಿಡ್ತು. ಕಾಳಿನ ಅಂಗಡ್ಯಾಗ ಎಣಿಕಿ ಲಾಭದಿಂದ ಸುರು ಅಂತ ಶಾಂತಕ್ಕ ಹೇಳಿದ ಮ್ಯಾಲೆ ನನಗ ತಿಳೀತು."

ಪಾಪ, ನಿಜ ಹೇಳಿದ್ದೇ ಮುಳುವಾಯಿತು.

"ಏನು? ನಮ್ಮ ಮನಿ ಲಾಭಾನ ತಿದ್ದಾಕ ಹೋಗಿದ್ರಾ?" ಅಜ್ಜಿ ಎದ್ದೇಬಿಟ್ಟಳು. "ನಾಳಿಂದ ಆಕಿ ಬರಾಂಗಿಲ್ಲ. ಒಳ್ಳೆ ದಿನ ನೋಡಿ ಐನೋರ ಸಾಲಿಗೆ ಹಾಕ್ತೀನಿ. ಅಲ್ಲಿ ಬೆತ್ತ ಐತಿ."

"ದೊಡ್ಡವ್ವ, ಸ್ವಲ್ಪ ತಾಳು" ಎಂದಳು ಶಾಂತಕ್ಕ.

"ನೀ ಸುಮ್ಕಿರು. ನಿನ್ನ ಮಾತು ಕೇಳಿನಾ ಇಷ್ಟೆಲ್ಲ ಆಗಿದ್ದು."

ಹಂಪಮ್ಮ ತನ್ನ ತೆಂಗಿನ ಚಿಪ್ಪನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ಅತ್ತಳು. ಅಜ್ಜಿ ತಿರುಗಿಯೂ ನೋಡಲಿಲ್ಲ. ಶಾಲೆ ತಪ್ಪಿದ್ದರಿಂದ ಮರುದಿನ ಹುಡುಗಿ ಅಂಗಡಿಯ ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಳು.

ಅವತ್ತೇ ಹೊಳೆಯಾಚೆಯಿಂದ ಹೊಸ ವ್ಯಾಪಾರಿಯೊಬ್ಬ ಹರಿಗೋಲಿನಲ್ಲಿ ಜೋಳದ ಚೀಲ ಹಾಕಿಕೊಂಡು ಅಜ್ಜಿಗೆ ಮಾರಲು ಬಂದ. ಅವನ ಹತ್ತಿರ ತನ್ನದೇ ಒಂದು ಸೇರಿತ್ತು. ಉದ್ದ, ಸಪೂರ, ಫಳಫಳ ಹೊಳೆಯುವಂಥದ್ದು.

"ನಮ್ಮ ಸೇರಿನಾಗ ಅಳೀತೀನ್ರಿ ಅವ್ವಾರೆ. ನೋಡ್ರಿ, ನಿಮ್ಮದಕ್ಕಿಂತ ನಾಕು ಬೆರಳು ಎತ್ತರ ಐತಿ. ನಿಮಗ ನಷ್ಟ ಇಲ್ಲ."

ಅಜ್ಜಿ ಎರಡೂ ಸೇರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಉದ್ದನೆಯದು ಉದ್ದವೇ. 'ದಡ್ಡ ಸಿಕ್ಕ' ಎಂದು ಒಳಗೊಳಗೇ ಹಿಗ್ಗಿದಳು. ಆಸೆ ಕಣ್ಣು ಕಟ್ಟಿದರೆ ಎಂಥ ಜಾಣೆಗೂ ಕಾಣಿಸುವುದಿಲ್ಲ.

"ಹೂಂ, ಅಳಿಯಪ್ಪ" ಅಂದಳು.

ಕಾಳು ಅಳೆಯುವ ಕಡೆ ಒಂದು ಕಟ್ಟು ಇದೆ. ಮೊದಲ ಸೇರಿಗೆ 'ಲಾಭ' ಎಂದು ಕೂಗಿದ ಮೇಲೆ ರಾಶಿ ಮುಗಿಯುವವರೆಗೆ ಅಳೆಯುವವನ ಹೊರತು ಯಾರೂ ಬಾಯಿ ತೆರೆಯಬಾರದು. ತೆರೆದರೆ ಲಾಭ ಮುರಿಯುತ್ತದೆ ಅನ್ನುತ್ತಾರೆ. ಹಂಪಮ್ಮ ಈ ಕಟ್ಟಿನಲ್ಲೇ ಹುಟ್ಟಿ ಬೆಳೆದ ಹುಡುಗಿ.

"ಲಾಭ... ಲಾಭ... ಎರಡು... ಎರಡು..." ವ್ಯಾಪಾರಿ ಹಾಡಿದಂತೆ ಎಣಿಸತೊಡಗಿದ.

ಹಂಪಮ್ಮನ ಕಣ್ಣು ಒಮ್ಮೆ ಉದ್ದ ಸೇರಿನ ಮೇಲೆ, ಒಮ್ಮೆ ಗಿಡ್ಡ ಸೇರಿನ ಮೇಲೆ ಓಡಿತು. ವ್ಯಾಪಾರಿ ತುಂಬಿದ ಸೇರನ್ನು ನೆಲಕ್ಕಿಟ್ಟು ಚೀಲದ ಬಾಯಿ ಸರಿಮಾಡಲು ಬಗ್ಗಿದ. ಹುಡುಗಿ ಎದ್ದಳು. ತುಟಿ ಬಿಗಿದುಕೊಂಡು, ಎರಡೂ ಕೈಯಿಂದ ಉದ್ದ ಸೇರನ್ನೆತ್ತಿ, ಅಜ್ಜಿಯ ಗಿಡ್ಡ ಸೇರಿಗೆ ಸುರಿದಳು.

ಅಜ್ಜಿ ಹೊಡೆಯಲು ಕೈ ಎತ್ತಿದ್ದಳು. ಎತ್ತಿದ ಕೈ ಅಲ್ಲೇ ನಿಂತಿತು.

ಗಿಡ್ಡ ಸೇರು ತುಂಬಿರಲಿಲ್ಲ. ಮೇಲೆ ಎರಡು ಬೆರಳು ಖಾಲಿ.

"ನಿಲ್ಸಲೇ!" ಅಂದಳು ಅಜ್ಜಿ. ಆ ಕಟ್ಟನ್ನು ಅವಳು ಮುರಿದದ್ದು ಜೀವಮಾನದಲ್ಲಿ ಅದೇ ಮೊದಲು.

"ಹುಡುಗಿ ಕಾಳು ಚೆಲ್ಲ್ಯಾಳ್ರಿ" ಎಂದ ವ್ಯಾಪಾರಿ.

"ಚೆಲ್ಲಿದ್ರ ನೆಲದ ಮ್ಯಾಲೆ ಇರಬೇಕಲ್ಲ, ತೋರಿಸು!" ಅಜ್ಜಿ ತಾನೇ ಉದ್ದ ಸೇರನ್ನು ತುಂಬಿ ಸುರಿದಳು. ಮತ್ತೆ ಎರಡು ಬೆರಳು ಖಾಲಿ. ಆ ಕೂಗಿಗೆ ಶಾಂತಕ್ಕ ಓಡಿ ಬಂದಳು, ಅಕ್ಕಪಕ್ಕದ ಅಂಗಡಿಯವರೂ ಬಂದರು. ಎಲ್ಲರ ಕಣ್ಣೆದುರು ಇನ್ನೊಮ್ಮೆ ಸುರಿದದ್ದಾಯಿತು. ಪೇಟೆಯೇ ಗೊಳ್ಳೆಂದು ನಕ್ಕಿತು. ವ್ಯಾಪಾರಿ ತಲೆ ತಗ್ಗಿಸಿ, ತಂದ ಜೋಳವನ್ನೆಲ್ಲ ಗಿಡ್ಡ ಸೇರಿನಲ್ಲೇ ಮೊದಲಿನಿಂದ ಅಳೆದುಕೊಟ್ಟ.

ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಇದನ್ನ ಯಾರು ಕಲಿಸಿದ್ರವ್ವ ನಿನಗ? ಅಕ್ಕೋರಾ?"

"ಇಲ್ಲಬೇ. ನಾನ ಸುರಿದು ನೋಡಿದೆ" ಅಂದಳು ಹಂಪಮ್ಮ.

ಮರುದಿನ ಬೆಳಿಗ್ಗೆ ಕಂಪ್ಲಿಯ ಪೇಟೆ ಕಂಡದ್ದು ಒಂದು ಮೆರವಣಿಗೆಯೇ ಸರಿ. ಮುಂದೆ ಚಿಪ್ಪು ಹಿಡಿದ ಹಂಪಮ್ಮ. ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಕೊಟ್ರಬಸಮ್ಮ. ಬುಟ್ಟಿಯಲ್ಲಿ ಗಂಡನ ಕಾಲದ ಸೇರು, ಅಚ್ಚೇರು, ಪಾವು, ಎಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದವು. ಕಂಡಕಂಡವರಿಗೆಲ್ಲ ಅವಳದು ಒಂದೇ ಮಾತು: "ನಿಮ್ಮ ಹುಡುಗ್ರನ್ನ ಮನ್ಯಾಗ ಯಾಕ ಇಟ್ಟೀರಿ? ಜಲ್ದಿ ಕಳಿಸ್ರಿ!" ಎದುರು ಮನೆಯ ನೀಲಗಂಗಮ್ಮ ಮೊಮ್ಮಗನನ್ನು ಎತ್ತಿಕೊಂಡೇ ಹೊರಟಳು. ಶಿಶುವಿಹಾರ ಮುಟ್ಟುವಷ್ಟರಲ್ಲಿ ಓಣಿಯ ಅರ್ಧ ಮಕ್ಕಳು ಹಿಂದಿದ್ದವು. ಶಾಂತಕ್ಕನಿಗೆ ನಗು ತಡೆಯಲಾಗಲಿಲ್ಲ.

"ತಗೋರಿ ಅಕ್ಕೋರೆ" ಎಂದು ಅಜ್ಜಿ ಬುಟ್ಟಿ ಇಳಿಸಿದಳು. "ಉಸುಕು ಅಳಿಸ್ರಿ, ನೀರು ಅಳಿಸ್ರಿ. ಮೈಗೆ ಮಣ್ಣಾದ್ರ ತೊಳಿಯಾಕ ನಾನದೀನಿ."

"ನೀವೇ ಸುರು ಮಾಡ್ರಿ ಅಮ್ಮಾರೆ" ಎಂದರು ಸರಸ್ವತೀಬಾಯಿ. ಅವರ ಕಣ್ಣು ತುಂಬಿತ್ತು.

ಅಜ್ಜಿ ಉಸುಕಿನ ರಾಶಿಯ ಮುಂದೆ ಕುಳಿತು ಸೇರು ತುಂಬಿದಳು. ಅವಳು ಬಾಯಿ ತೆರೆಯುವ ಮೊದಲೇ ಮಕ್ಕಳೆಲ್ಲ ಕೂಗಿದವು, "ಲಾಭ!" ಎಲ್ಲರಿಗಿಂತ ಜೋರಾಗಿ ಕೂಗಿದವರು ಅಕ್ಕೋರು.

ಅಕ್ಕಂದಿರೇ, ಅಣ್ಣಂದಿರೇ, ಮನೆಯ ಹಿರಿಯರೇ, ನಿಮ್ಮ ಊರಿನಲ್ಲಿ ಶಿಶುವಿಹಾರ ಇದ್ದರೆ ನಾಳೆಯೇ ಮಗುವನ್ನು ಕಳಿಸಿ. ಇಲ್ಲದಿದ್ದರೆ ನಾಲ್ಕು ಜನ ಕೂಡಿ ತೆರೆಯಿರಿ. ಉಸುಕು, ಬೀಜ, ಚಿಪ್ಪು, ಮಣ್ಣಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಮಗು ಸಂಜೆ ಮನೆಗೆ ಬಂದಾಗ 'ಏನು ಬರೆದೆ' ಎಂದು ಗದರಬೇಡಿ, 'ಏನು ಮಾಡಿದೆ' ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಕೆಸರಾದ ಕೈ ಕಂಡು ಹೊಡೆಯಲು ಕೈ ಎತ್ತುವ ಮುನ್ನ ಕಂಪ್ಲಿಯ ಅಜ್ಜಿಯನ್ನು ನೆನೆಯಿರಿ. ಕಾಳು ಅಳೆಯುವವರು ಮೊದಲ ಸೇರನ್ನು ಒಂದು ಎಂದು ಎಣಿಸುವುದಿಲ್ಲ, ಲಾಭ ಎಂದು ಎಣಿಸುತ್ತಾರೆ. ಮಕ್ಕಳು ಆಡಿ ಕಲಿಯುವ ಮೊದಲ ವರ್ಷಗಳನ್ನು ನೀವೂ ಹಾಗೇ ಎಣಿಸಿ.