ಹೋಲಿಕೆಗೆ ಇದ್ದ ದನಿ

ಶಿಕಾರಿಪುರದ ಕಡೆಯ ಉಡುತಡಿಯ ಉಜ್ಜಪ್ಪ ಕುರಿ ಕರೆದರೆ ಕೆರೆಯ ಆಚೆ ದಂಡೆಯ ನಾಯಿಗಳೂ ತಲೆ ಎತ್ತುತ್ತಿದ್ದವು. ಅಂಥ ದಪ್ಪ ಗಂಟಲು. ಅದೇ ಗಂಟಲಿನಿಂದ ದೊಡ್ಡಾಟದ ರಂಗದ ಮೇಲೆ ರಾಣಿಯ ಪದ ಹೊರಟರೆ, ಹೊಸದಾಗಿ ಆಟ ನೋಡಲು ಬಂದವರು ಹೆಂಗಸೇ ಹಾಡುತ್ತಿದ್ದಾಳೆಂದು ನಂಬುತ್ತಿದ್ದರು. ಈ ವಿದ್ಯೆ ಅವನಿಗೆ ಪುಕ್ಕಟೆ ಬಂದದ್ದಲ್ಲ. ಮೀಸೆ ಚಿಗುರಿ ದನಿ ಒಡೆದ ಮೇಲೆ, ಗುರುವಿನಿಂದ ಬೈಸಿಕೊಂಡು, ದಪ್ಪ ದನಿ ಸಣ್ಣ ದನಿಗೆ ತಿರುಗುವ ಜಾಗ ಕೇಳುವವರಿಗೆ ತಿಳಿಯದಂತೆ ಮುಚ್ಚಲು ಕಲಿತಿದ್ದ. ಆ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತು.

ಅದಕ್ಕೆ ಮಣ್ಣು ಹಾಕಿದವನು ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಬಂದು ತಂಡ ಸೇರಿದ ತೀರ್ಥೇಶ. ರಾಣಿಯ ಸಖಿಯ ಪಾತ್ರ ಅವನದು. ಅವನಿಗೆ ದನಿ ಒಡೆದೇ ಇರಲಿಲ್ಲ. ಮುಖದ ತುಂಬ ಗಡ್ಡ, ಬಾಯಿ ತೆರೆದರೆ ಹಾಡೂ ಹೆಣ್ಣು ದನಿ, ಮಾತೂ ಹೆಣ್ಣು ದನಿ.

ಆಟ ಮುಗಿದ ಮಾರನೆಯ ದಿನ ಚಾ ಅಂಗಡಿಯಲ್ಲಿ ಇಬ್ಬರನ್ನೂ ತಕ್ಕಡಿಗೆ ಹಾಕುವುದೇ ಜನರ ಕೆಲಸ. ಉಜ್ಜಪ್ಪ ಅಳುವಿನ ಪದದ ಕೊನೆಯಲ್ಲಿ ಉಸಿರನ್ನು ಅರ್ಧಕ್ಕೇ ನುಂಗುತ್ತಾನೆ, ಹೆಂಗಸರು ಸೆರಗು ಕಣ್ಣಿಗೆ ಒತ್ತುವುದು ಅಲ್ಲೇ, ಎಂದು ಶಿಕಾರಿಪುರದವರು. ತೀರ್ಥೇಶನ ದನಿ ಮೇಲೆ ಹೋದಷ್ಟೂ ತೆಳುವಾಗದೆ ತುಂಬಿಕೊಳ್ಳುತ್ತದೆ, ಎಂದು ಸೊರಬದವರು. ಹುಡುಗನಿಗೆ ಎಲ್ಲಿ ನಿಲ್ಲಿಸಬೇಕೆಂದೇ ಗೊತ್ತಿಲ್ಲ ಎಂದು ಉಜ್ಜಪ್ಪ ಮೂಗು ಮುರಿಯುತ್ತಿದ್ದ. ಒಳಗೆ ಮಾತ್ರ ಸತ್ಯ ತಿಳಿದಿತ್ತು: ತನ್ನದು ಕಟ್ಟಿಕೊಂಡ ದನಿ, ಅವನದು ಹುಟ್ಟಿ ಬಂದದ್ದು. ಸಖಿಯ ಪದ ಶುರುವಾದರೆ ಉಜ್ಜಪ್ಪ ಪರದೆಯ ಹಿಂದೆ ಸೀರೆಯ ನೆರಿಗೆ ಹಿಡಿದು ನಿಂತುಬಿಡುತ್ತಿದ್ದ. ಹೊಟ್ಟೆ ಉರಿಯುತ್ತಿತ್ತು, ಕಣ್ಣೂ ತುಂಬುತ್ತಿತ್ತು.

ಒಂದು ಬೇಸಿಗೆಯಲ್ಲಿ ತೀರ್ಥೇಶ, ಅಂಬ್ಲಿಗೊಳ ಜಲಾಶಯದ ಏರಿಯ ಕೆಳಗೆ ಕುರಿ ಮೇಯಿಸುತ್ತಿದ್ದ ಉಜ್ಜಪ್ಪನನ್ನು ಹುಡುಕಿಕೊಂಡು ಬಂದ. ಮದುವೆಯ ಮಾತು ಮತ್ತೆ ಮುರಿದಿತ್ತು. ಹೆಣ್ಣಿನ ತಂದೆ ಫೋನು ಮಾಡಿದಾಗ ಇವನೇ ಎತ್ತಿದ್ದ. ಅವರು, ಹುಡುಗನ ಕೈಗೆ ಕೊಡಮ್ಮ ಅಂದರಂತೆ. ಯಾರ ಕೈಗೆ ಕೊಡುವುದು? ಗಂಟಲಿಗೆ ಕತ್ತರಿ ಹಾಕದೆ, ಬರೀ ಅಭ್ಯಾಸದಿಂದಲೇ ಗಂಡು ದನಿ ತರಿಸುವ ಡಾಕ್ಟರು ಶಿವಮೊಗ್ಗದಲ್ಲಿದ್ದಾರೆಂದು ಅವನಿಗೆ ಯಾರೋ ಹೇಳಿದ್ದರು.

“ಮಾವ, ನಿಮಗೆ ಎರಡೂ ದನಿ ಅದೆ. ನಂಗೂ ಹಂಗೇ ಎರಡೂ ಉಳೀತದಾ?”

ಉಜ್ಜಪ್ಪನಿಗೆ ಗೊತ್ತಿರಲಿಲ್ಲ. ತಾನು ಕೆಳಗಿನಿಂದ ಮೇಲೆ ಹತ್ತಿದವನು; ಮೇಲೆಯೇ ಹುಟ್ಟಿದವನು ಕೆಳಗಿಳಿದರೆ ಏನಾಗುತ್ತದೋ ಯಾರು ಬಲ್ಲರು? ಬೇಡ ಎಂದರೆ ಆಟದ ಆಸೆಗೆ ಹುಡುಗನ ಬಾಳಿಗೆ ಅಡ್ಡಗಾಲು ಹಾಕಿದಂತೆ. ಹೋಗು ಎಂದರೆ, ಹೊಟ್ಟೆಕಿಚ್ಚಿಗೆ ಅಂದೆ ಎಂದು ತನ್ನ ಮನಸ್ಸೇ ಚುಚ್ಚುತ್ತದೆ.

“ಹೋಗಿ ಬಾರಪ. ಹಾಡೋ ದನಿ ನಾ ಹತ್ತಿಸಿಕೊಡ್ತೀನಿ,” ಅಂದ.

ಚಿಕಿತ್ಸೆ ಬೇಗನೆ ಫಲಿಸಿತು. ಊರಿಗೆ ಬಂದ ಮಗ ಬಾಗಿಲಲ್ಲಿ ಕರೆದಾಗ, ತಾಯಿ ವನಜಮ್ಮ ಒಳಗಿನಿಂದಲೇ ಯಾರು ಬಂದದ್ದು ಎಂದು ಕೇಳಿದಳಂತೆ. ಸ್ವಲ್ಪ ದಿನದಲ್ಲೇ ಶ್ರೀಲತಾ ಎಂಬ ಹುಡುಗಿಯ ಜೊತೆ ನಿಶ್ಚಿತಾರ್ಥವೂ ಆಯಿತು. ಆದರೆ ತೀರ್ಥೇಶ ಆಟದ ಅಭ್ಯಾಸಕ್ಕೆ ಬರಲೇ ಇಲ್ಲ. ಸದ್ಯಕ್ಕೆ ಮೇಲಿನ ದನಿ ಮುಟ್ಟಬೇಡ, ಗಂಟಲು ಹಳೆಯ ದಾರಿ ಹಿಡಿದೀತು ಎಂದು ಡಾಕ್ಟರು ತಾಕೀತು ಮಾಡಿದ್ದಾರೆ ಅಂದ. ಅದು ನೆಪ ಎಂದೇ ಉಜ್ಜಪ್ಪ ತಿಳಿದ. ದನಿ ಸತ್ತೇ ಹೋಗಿದೆ, ಹುಡುಗ ಹೇಳಲು ನಾಚುತ್ತಿದ್ದಾನೆ, ಕಳಿಸಿದ ಪಾಪಿ ತಾನೇ. ಆಟದ ದಿನ ಹತ್ತಿರ ಬಂದಾಗ, ಒಂದೇ ಒಂದು ಸಲ ಬಾ ಎಂದು ಅಂಗಲಾಚಿ ಏರಿಯ ಹತ್ತಿರ ಕರೆಸಿಕೊಂಡ.

ತೀರ್ಥೇಶ ನೀರಿನ ಕಡೆ ಮುಖ ಮಾಡಿ ಸಖಿಯ ಪದದ ಮೊದಲ ಸಾಲು ಎತ್ತಿದ.

ದನಿ ಸತ್ತಿರಲಿಲ್ಲ. ಒಂದು ಕೂದಲೂ ಕೊಂಕಿರಲಿಲ್ಲ. ಇಷ್ಟು ದಿನ ಸುಮ್ಮನಿದ್ದು ಇನ್ನಷ್ಟು ತುಂಬಿಕೊಂಡಿತ್ತು, ಈಗ ಎಲ್ಲಿ ನಿಲ್ಲಬೇಕೆಂಬುದನ್ನೂ ಕಲಿತಿತ್ತು. ಉಜ್ಜಪ್ಪ ಕುರಿಗಳನ್ನು ಮರೆತು ನಿಂತ.

ಅಷ್ಟರಲ್ಲಿ ಫೋನು ರಿಂಗಾಯಿತು. ಶ್ರೀಲತಾಳದು. ಎತ್ತುವ ಮೊದಲು ತೀರ್ಥೇಶ ಹಲೋ ಎಂದು ನೋಡಿಕೊಂಡ. ಬಂದದ್ದು ಹಳೆಯ ದನಿ. ಕೆಮ್ಮಿದ, ಗಂಟಲ ಉಬ್ಬನ್ನು ಬೆರಳಿನಿಂದ ಕೆಳಗೆ ಒತ್ತಿದ, ಮತ್ತೆ ಹಲೋ ಎಂದ. ಮತ್ತೆ ಅದೇ. ಫೋನು ಬಡಿದುಕೊಂಡು ನಿಂತಿತು. ಉಜ್ಜಪ್ಪ ಅವನ ಬೆನ್ನು ಸವರಿದ. ಜನ್ಮವೆಲ್ಲ ದನಿಯನ್ನು ಮೇಲೆ ಹತ್ತಿಸಿದವನಿಗೆ ಕೆಳಗಿಳಿಸುವ ದಾರಿ ಗೊತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಹುಡುಗನ ದನಿ ಮತ್ತೆ ದಪ್ಪವಾಯಿತು.

“ಆ ದನಿ ಕರೆದ್ರೆ ಬರ್ತದೆ ಮಾವ,” ಅಂದ. “ಬಂದ್ರೆ ಹೋಗಲ್ಲ. ಇನ್ನು ಕರೀಬೇಡಿ.”

ಉಜ್ಜಪ್ಪ ಕರೆಯಲಿಲ್ಲ. ಆ ವರ್ಷ ಸಖಿಯ ವೇಷ ಬೇರೊಬ್ಬ ಕಟ್ಟಿದ, ಅವಳ ಪದಗಳನ್ನೂ ಉಜ್ಜಪ್ಪನೇ ಪರದೆಯ ಹಿಂದೆ ನಿಂತು ಹಾಡಿದ. ಮಾರನೆಯ ದಿನ ಚಾ ಅಂಗಡಿಯಲ್ಲಿ, ಉಜ್ಜಪ್ಪನ ಸಮ ಯಾರೂ ಇಲ್ಲ ಎಂದು ಸೊರಬದವರೂ ಒಪ್ಪಿದರು. ಎಷ್ಟೋ ವರ್ಷದಿಂದ ಕೇಳಲು ಕಾದಿದ್ದ ಮಾತು. ಉಜ್ಜಪ್ಪ ಚಾ ಅರ್ಧಕ್ಕೇ ಬಿಟ್ಟು ಎದ್ದ. ಆ ಜನಕ್ಕೆ ಅವನು ಹೇಳುವಂತಿರಲಿಲ್ಲ, ಕುಪ್ಪಗಡ್ಡೆಯಲ್ಲಿ ತನ್ನನ್ನು ಮೀರಿದವನೊಬ್ಬ ಬಾಯಿ ಮುಚ್ಚಿಕೊಂಡು ಕೂತಿದ್ದಾನೆಂದು.